ನೆರೆಯಲ್ಲಿ ಕಾಣೆಯಾದ ಸೂಜಿಡಬ್ಬಿ

ಬಂಟ್ವಾಳ ಪೇಟೆಯ ತಗ್ಗಿನ ಬೀದಿಯಲ್ಲಿ ನನ್ನದೊಂದು ಪುಟ್ಟ ರಕ್ತಪರೀಕ್ಷೆಯ ಲ್ಯಾಬ್ ಇದೆ. ಹಿಂದಿನ ಕಿಟಕಿ ತೆರೆದರೆ ನೇತ್ರಾವತಿ ಕಾಣುತ್ತದೆ. ನನ್ನ ಕೈ ಮೆದು, ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಬಂದವರು ಹೇಳುತ್ತಾರೆ. ನಾಲಿಗೆಯ ಬಗ್ಗೆ ಮಾತ್ರ ಇದುವರೆಗೆ ಯಾರೂ ಹಾಗೆ ಹೇಳಿಲ್ಲ. ನನ್ನದು ಬಾಯಿ ಬೊಂಬಾಯಿ, ಒಪ್ಪುತ್ತೇನೆ. ಅದರಲ್ಲಿ ಮುಕ್ಕಾಲು ಪಾಲು ಖರ್ಚಾಗುವುದು ಒಂದು ಬಿಳಿ ಡಬ್ಬಿಗಾಗಿ.

ಬಳಸಿದ ಸೂಜಿಗಳೆಲ್ಲ ಆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೇ ಬೀಳಬೇಕು. ರಕ್ತ ಸೋಕಿದ ಹತ್ತಿಗೆ ಹಳದಿ ಚೀಲ, ಸಿರಿಂಜಿಗೆ ಕೆಂಪು ಚೀಲ. ವೈದ್ಯಕೀಯ ಕಸದ ಗಾಡಿ ಬಂದು ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಯ್ಯುತ್ತದೆ. ಇದಕ್ಕೆ ಕಾನೂನಿದೆ, ಪರವಾನಗಿಯಿದೆ, ತಪ್ಪಿದರೆ ದಂಡವಿದೆ. ಆದರೆ ನಾನು ಹೆದರುವುದು ದಂಡಕ್ಕಲ್ಲ. ಯಾರದೋ ರಕ್ತ ಕಂಡ ಸೂಜಿ ಇನ್ಯಾರದೋ ಕಾಲಿಗೆ ಚುಚ್ಚಿದರೆ ಕಾಮಾಲೆಯಿಂದ ಹಿಡಿದು ಏನೆಲ್ಲ ಅಂಟೀತು ಎಂದು ಬಲ್ಲವಳು ನಾನು. ಅದಕ್ಕೇ ಆ ಡಬ್ಬಿಯ ಹತ್ತಿರ ಯಾರ ಕೈ ಸುಳಿದರೂ ಕೂಗುತ್ತಿದ್ದೆ.

ಪಕ್ಕದ ಜವಳಿ ಅಂಗಡಿಯ ಮಾಮನಿಗೂ ಕೂಗಿದ್ದೆ. ಎಪ್ಪತ್ತು ದಾಟಿದ ಮಾಮನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಬಂದು ಬೆರಳು ಚಾಚುತ್ತಾರೆ. ಒಂದು ಸಲ ಹತ್ತಿಯ ತುಂಡನ್ನು ಹಾಕಲು ಡಬ್ಬಿಯತ್ತ ಕೈ ನೀಡಿದಾಗ ನಾನು ಕಿರುಚಿದ ಹೊಡೆತಕ್ಕೆ ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು.

"ಎಂತ ಮಾರಾಯ್ತಿ, ಅದ್ರಲ್ಲಿ ಚಿನ್ನ ಉಂಟಾ?" ಎಂದರು ಮಾಮ.

"ಚಿನ್ನಕ್ಕಿಂತ ಜಾಸ್ತಿ. ಮುಟ್ಲಿಕ್ಕೆ ಇಲ್ಲ!"

ನಮ್ಮಿಬ್ಬರ ಇನ್ನೊಂದು ಜಗಳ ಅವರ ಬರಿಗಾಲಿನದು. ಸಕ್ಕರೆ ಇದ್ದವರ ಕಾಲಿಗೆ ಗಾಯವಾದರೆ ಬೇಗ ಮಾಯುವುದಿಲ್ಲ, ಕೊನೆಗೆ ಕಾಲನ್ನೇ ತೆಗೆಯಬೇಕಾದೀತು ಎಂದು ಎಷ್ಟು ಹೇಳಿದರೂ ಅವರದು ಒಂದೇ ಉತ್ತರ: "ಅಂಗಡಿ ಅಂದ್ರೆ ಲಕ್ಷ್ಮಿ. ಚಪ್ಪಲಿಯಲ್ಲಿ ಮೆಟ್ಟುವುದಾ?"

ಮಳೆ ಬಲವಾಗುತ್ತಿದ್ದಂತೆ ನಮ್ಮ ಬೀದಿಯಲ್ಲಿ ಒಬ್ಬರ ಕೀಲಿಕೈ ಇನ್ನೊಬ್ಬರ ಮನೆ ಸೇರುತ್ತದೆ. ಹೊಳೆ ಏರಿದಾಗ ಹತ್ತಿರ ಇದ್ದವರು ಅಕ್ಕಪಕ್ಕದ ಬಾಗಿಲನ್ನೂ ತೆರೆದು, ಕೈಗೆ ಸಿಕ್ಕಿದ್ದನ್ನೆಲ್ಲ ಅಟ್ಟಕ್ಕೆ ಏರಿಸಿಬಿಡುತ್ತಾರೆ. ಇದು ಕೇಳಿ ಮಾಡುವ ಉಪಕಾರವಲ್ಲ, ಹಿಂದಿನಿಂದ ಬಂದ ಪದ್ಧತಿ. ನನ್ನ ಲ್ಯಾಬಿಗೆ ಅಟ್ಟವಿಲ್ಲ, ಮಾಮನ ಅಂಗಡಿಗೆ ಉಂಟು; ಹಾಗಾಗಿ ನನ್ನ ಇನ್ನೊಂದು ಕೀಲಿಕೈ ಅವರ ಗಲ್ಲಾಪೆಟ್ಟಿಗೆಯಲ್ಲಿ ಇರುತ್ತಿತ್ತು.

ಆ ಸಲದ ನೆರೆ ಬಂದಾಗ ನಾನು ಮಡಂತ್ಯಾರಿನ ಮನೆಯಲ್ಲಿದ್ದೆ. ರಸ್ತೆಗೆ ನೀರು ನುಗ್ಗಿ ಬಸ್ಸು ನಿಂತಿತ್ತು. ಮಾಮನಿಗೆ ಫೋನ್ ಮಾಡಿ, ಸೂಕ್ಷ್ಮದರ್ಶಕವನ್ನಾದರೂ ಮೇಲಿಡಿ ಎಂದು ಬೇಡಿಕೊಂಡೆ. ಬಿಳಿ ಡಬ್ಬಿಯ ಮಾತು ಎತ್ತಲಿಲ್ಲ. ಹಿಂದಿನ ಸಂಜೆಯೇ ಅದರ ಮುಚ್ಚಳ ಒತ್ತಿ, ಗೋಡೆಗೆ ಬಿಗಿದ ಎತ್ತರದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಇಟ್ಟು ಬಂದಿದ್ದೆ. ಅಷ್ಟು ಎತ್ತರಕ್ಕೆ ನೀರು ಬಂದೀತೆಂದು ಯಾರು ನೆನೆಸುತ್ತಾರೆ!

"ಆಯ್ತು ಮಗಾ, ನಾನು ಇದ್ದೇನಲ್ಲ," ಎಂದರು ಮಾಮ. ಆಮೇಲೆ ಅವರ ಫೋನ್ ಸತ್ತುಹೋಯಿತು. ಬೀದಿಯವರು ಅವರನ್ನು ದೋಣಿಯಲ್ಲಿ ಕೂರಿಸಿ ದಾಟಿಸಿದರು, ಅವರು ಮೂಡುಬಿದಿರೆಯ ಮಗಳ ಮನೆಗೆ ಹೋದರು ಎಂದು ಮಾತ್ರ ತಿಳಿಯಿತು.

ನೀರು ಇಳಿದ ಮೇಲೆ ಗಂಡನ ರಬ್ಬರ್ ಬೂಟು ಸಿಕ್ಕಿಸಿಕೊಂಡು ಪೇಟೆಗೆ ಬಂದೆ. ಲ್ಯಾಬಿನ ಬಾಗಿಲು ತೆರೆದರೆ ಒಳಗೆಲ್ಲ ಮೊಣಕಾಲಿನವರೆಗೆ ಕೆಸರು. ಗೋಡೆಯ ಮೇಲೆ ನೀರಿನ ಗುರುತು ಸ್ಟ್ಯಾಂಡಿಗಿಂತಲೂ ಮೇಲಿತ್ತು. ಸ್ಟ್ಯಾಂಡ್ ಗೋಡೆಯಲ್ಲೇ ಇತ್ತು, ಡಬ್ಬಿ ಇರಲಿಲ್ಲ. ಡಬ್ಬಿ ಒಡೆದಿದ್ದರೆ ಸೂಜಿಗಳು ಈ ಕೆಸರಿನಲ್ಲಿ, ಈ ಬೀದಿಯಲ್ಲಿ, ಎಲ್ಲಿ ಬೇಕಾದರೂ ಇರಬಹುದು.

ಅಷ್ಟರಲ್ಲಿ ಹೋಟೆಲಿನವರೂ ಇನ್ನು ನಾಲ್ಕು ಜನರೂ ಗುಡಿಸಲು ಹಿಡಿಸೂಡಿ, ಕೆಸರೆತ್ತಲು ಹಾರೆ ಹಿಡಿದು ನನ್ನ ಬಾಗಿಲಿಗೆ ಬಂದರು, ಎಲ್ಲರೂ ಬರಿಗಾಲಿನಲ್ಲಿ. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ.

"ಒಳಗೆ ಕಾಲಿಡಬೇಡಿ! ಯಾರೂ ಬರ್ಬೇಡಿ!"

ಹೋಟೆಲಿನವರ ಮುಖ ಕಪ್ಪಿಟ್ಟಿತು. "ಎಂತ ಅಕ್ಕ, ನಾವು ಸಹಾಯಕ್ಕೆ ಬಂದದ್ದು, ಕದಿಯಲಿಕ್ಕಲ್ಲ."

ಸೂಜಿಯ ವಿಷಯ ಬಿಡಿಸಿ ಹೇಳಿದೆ. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡು ಹಿಂದೆ ಸರಿದರು. ನಾನೊಬ್ಬಳೇ ಚಿಮಟ ಹಿಡಿದು ಕೆಸರು ಕೆದಕತೊಡಗಿದೆ. ಒಂದೂ ಸಿಗಲಿಲ್ಲ. ಸಿಗದಷ್ಟೂ ಭಯ ಹೆಚ್ಚಿತು, ಭಯ ಹೆಚ್ಚಿದಷ್ಟೂ ಕೋಪ ಬಂತು. ಹೊಳೆಗೂ ಬೈದೆ, ದೇವರಿಗೂ ಬೈದೆ.

ಮಧ್ಯಾಹ್ನದ ಹೊತ್ತಿಗೆ ಮೂಡುಬಿದಿರೆಯಿಂದ ಮಾಮ ಬಂದಿಳಿದರು. ಮೊದಲು ತಮ್ಮ ಅಟ್ಟ ಹತ್ತಿ ದೀಪ ಹಚ್ಚಿ, ಪಂಚೆ ಮೇಲೆ ಕಟ್ಟಿಕೊಂಡು ಬರಿಗಾಲಲ್ಲಿ ನೇರ ನನ್ನ ಬಾಗಿಲಿಗೆ ಬಂದರು.

"ಮಾಮ, ಅಲ್ಲೇ ನಿಲ್ಲಿ! ಕೆಸರಲ್ಲಿ ಸೂಜಿ ಉಂಟು. ಬಿಳಿ ಡಬ್ಬಿ ನೀರಿಗೆ ಹೋಗಿದೆ," ಎಂದು ಕೂಗಿದೆ.

"ಹೋಗ್ಲಿಕ್ಕೆ ಅದಕ್ಕೆ ಕಾಲು ಉಂಟಾ? ಬಾ ನನ್ನೊಟ್ಟಿಗೆ."

ಅಟ್ಟದಲ್ಲಿ ನನ್ನ ಸೂಕ್ಷ್ಮದರ್ಶಕ ಹೊಸ ಲುಂಗಿಯೊಂದನ್ನು ಸುತ್ತಿಕೊಂಡು ಮೂಲೆಯಲ್ಲಿತ್ತು. ಎದುರಿನ ಮಣೆಯ ಮೇಲೆ ದೇವರ ಪಟ, ಅವರ ತಂದೆಯ ಕಾಲದ ಬಟ್ಟೆ ಅಳೆಯುವ ಗಜಕೋಲು, ಮತ್ತು ನನ್ನ ಬಿಳಿ ಡಬ್ಬಿ. ಮುಚ್ಚಳ ಒತ್ತಿದ ಹಾಗೆಯೇ ಭದ್ರವಾಗಿತ್ತು. ಅದರ ಮೇಲೆ ಆಗಷ್ಟೇ ಇಟ್ಟ ಗಂಧದ ಬೊಟ್ಟು.

"ಚಿನ್ನಕ್ಕಿಂತ ಜಾಸ್ತಿ ಅಂದಿದ್ದೆ ಅಲ್ವಾ ನೀನು? ಅದಕ್ಕೆ ಮೊದಲು ದೇವರು, ಮತ್ತೆ ನಿನ್ನ ಡಬ್ಬಿ, ಮತ್ತೆ ಆ ಯಂತ್ರ. ಅಷ್ಟಾಗುವಾಗ ನೀರು ಸೊಂಟಕ್ಕೆ ಬಂತು."

ಮೆಟ್ಟಿಲ ಸಂದಿನಿಂದ ಕೆಳಗೆ ನೋಡಿದೆ. ಚೌತಿಗೆಂದು ತರಿಸಿದ ಅವರ ಸೀರೆಯ ಕಟ್ಟುಗಳು ಕೆಸರಿನಲ್ಲಿ ಬಿದ್ದಿದ್ದವು. ನನಗೆ ಅಳು ತಡೆಯಲಾಗಲಿಲ್ಲ. ಡಬ್ಬಿಯಲ್ಲಿ ಇದ್ದದ್ದು ನಾಶಮಾಡಬೇಕಾದ ಹಳೆಯ ಸೂಜಿಗಳು, ಬೇರೇನೂ ಅಲ್ಲ ಎಂದು ಅಳುತ್ತಲೇ ಹೇಳಿದೆ.

ಮಾಮ ತಮ್ಮ ಬೆರಳಿನ ತುದಿ ನೋಡಿಕೊಂಡರು. "ನನ್ನ ಬೆರಳಿಗೆ ಚುಚ್ಚಿದ್ದೂ ಅದ್ರಲ್ಲೇ ಉಂಟಾ?"

"ಉಂಟು ಮಾಮ."

"ಹಾಗಾದ್ರೆ ಸ್ವಲ್ಪ ನನ್ನದೂ ಆಯ್ತು. ಹೊಳೆಗೆ ಹೋಗಿದ್ರೆ ಕೆಳಗೆ ಪಾಣೆಮಂಗಳೂರಿನವರ ಕಾಲು ಎಂತ ಆಗ್ತಿತ್ತು? ಸೀರೆ ಮತ್ತೆ ತರಿಸುವ, ಬಿಡು."

ಈ ಮನುಷ್ಯನ ಋಣ ಯಾವ ಜನ್ಮಕ್ಕೂ ತೀರುವುದಿಲ್ಲ. ಅವತ್ತು ನನ್ನ ಬಾಯಿಗೆ ಒಂದು ಒಳ್ಳೆಯ ಮಾತೂ ಬರಲಿಲ್ಲ. ಬಂದದ್ದು ಹಳೆಯ ಗದರಿಕೆಯೇ. "ಬರಿಗಾಲಲ್ಲಿ ಕೆಳಗಿಳಿದರೆ ನೋಡಿ ಮತ್ತೆ!" ಎಂದು ಬೂಟು ಕಳಚಿ ಅವರ ಮುಂದಿಟ್ಟೆ. ಮಾಮ ಬೂಟನ್ನು ನೋಡಿದರು, ನನ್ನ ಮುಖ ನೋಡಿದರು, ಜಗಳವಾಡದೆ ಕಾಲು ತೂರಿಸಿದರು. ಕೆಳಗೆ ಬಂದು ಅಂಗಡಿಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ತಾಯಿ," ಎಂದು ಒಳಗೆ ಹೆಜ್ಜೆಯಿಟ್ಟರು.

ಡಬ್ಬಿ ಸಿಕ್ಕಿತೆಂದು ಹೋಟೆಲಿನವರನ್ನು ಕೂಗಿ ಕರೆದೆ. ಅವರು ಮುನಿಸು ಮರೆತು ಹಾರೆ ಹಿಡಿದು ಬಂದರು. ನಮ್ಮಲ್ಲಿ ಬೂಟು ಇದ್ದದ್ದು ಒಂದೇ ಜೊತೆ. ನಾನು ಸೀರೆ ಎತ್ತಿ ಕಟ್ಟಿ, ಮಾಮನ ಸೀರೆಯ ಕಟ್ಟುಗಳನ್ನು ಎತ್ತಲು ಬರಿಗಾಲಿನಲ್ಲೇ ಕೆಸರಿಗೆ ಇಳಿದೆ. ಏನೂ ಹೆದರಿಕೆ ಅನ್ನಿಸಲಿಲ್ಲ. ನನ್ನ ಸೂಜಿಗಳೆಲ್ಲ ಮೇಲೆ ದೇವರ ಹತ್ತಿರ ಇದ್ದವು.