ಓಟದ ತಟ್ಟೆ, ಸೈಕಲ್ಲಿನ ತಟ್ಟೆ

ನನ್ನ ಗೆಳೆಯನನ್ನು ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವುದು ಅವನ ಕಸುಬು. ಮೈಯೂ ಕಸುಬಿಗೆ ತಕ್ಕ ಹಾಗಿತ್ತು. ಅವನು ಕೂತರೆ ಸ್ಟೂಲು ಕಾಣುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಕೂತು ಕೂತು ಬೆಳೆಸಿದ ನನ್ನ ಹೊಟ್ಟೆಯೇನೂ ಕಮ್ಮಿಯದಲ್ಲ. ನಾವಿಬ್ಬರೂ ಅವನ ಅಂಗಡಿಯಿಂದ ಒಟ್ಟಿಗೆ ಹೊರಬಿದ್ದರೆ ಎದುರಿನ ಕ್ಷೌರದ ಅಂಗಡಿಯವನು, "ದಾರಿ ಬಿಡ್ರಪ್ಪಾ, ಲೋಡು ಬರ್ತಿದೆ" ಎನ್ನುತ್ತಿದ್ದ.

ಕೆಮ್ಮು ಎಂದು ಆಸ್ಪತ್ರೆ ಸೇರಿದ ತಕ್ಕಡಿ ಈ ಸಲ ವಾಪಸು ಬರಲಿಲ್ಲ. ಸೋಂಕು ಶ್ವಾಸಕೋಶಕ್ಕೆ ಇಳಿದಿತ್ತು. ಅವನ ಬಗ್ಗೆ ಬರೆಯಲು ಕೂತಾಗಲೆಲ್ಲ, ನಾವಿಬ್ಬರೂ ಬೆವರು ಸುರಿಸಿದ ಆ ಹಳೆಯ ವರ್ಷವೇ ಕಣ್ಣ ಮುಂದೆ ಬರುತ್ತದೆ.

ಆ ವರ್ಷ ಅವನ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್. ನನ್ನದೊಂದು ಕೊಡ್ತೀನಿ ಎಂದು ಇವನು ಮುಂದೆ ಬಂದ. ರಕ್ತ ಹೊಂದಿತು, ಎಲ್ಲವೂ ಹೊಂದಿತು. ತೂಕವೊಂದೇ ಅಡ್ಡ ಬಂತು. "ಈ ಮೈಯಲ್ಲಿ ಆಪರೇಷನ್ ಮಾಡಿದ್ರೆ ನಿಮಗೇ ಅಪಾಯ. ಇಳಿಸ್ಕೊಂಡು ಬನ್ನಿ" ಎಂದರು ಡಾಕ್ಟರು. ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು, ಹೀಗೆ ಬಿಟ್ಟು ಬಿಟ್ಟು ಮೈ ದಂಡಿಸಲು ಹೇಳಿದರು. ಓಡಬೇಕೋ ಸೈಕಲ್ ತುಳಿಯಬೇಕೋ ಎಂದು ಕೇಳಿದ್ದಕ್ಕೆ, "ಯಾವುದು ಆಗುತ್ತೋ ಅದು" ಎಂದರಂತೆ.

ತಕ್ಕಡಿಗೆ ಆ ಉತ್ತರ ಹಿಡಿಸಲಿಲ್ಲ. "ಎರಡರಲ್ಲಿ ಒಂದು ಹೆಚ್ಚು ತೂಗಲೇಬೇಕು ಕಣೋ. ನಿನ್ನ ಹೊಟ್ಟೆ, ನನ್ನ ಹೊಟ್ಟೆ ಹೆಚ್ಚು ಕಮ್ಮಿ ಒಂದೇ. ನಾನು ಓಡ್ತೀನಿ, ನೀನು ತುಳಿ."

"ನನ್ನ ಹೊಟ್ಟೆ ನಿನಗೇನು ಮಾಡಿತ್ತೋ?"

"ಅಕ್ಕನಿಗೋಸ್ಕರ ಇಷ್ಟೂ ಮಾಡಲ್ವಾ?"

ಮರುದಿನ ಸಂಜೆ ಸೈಕಲ್ ತಂದೆ.

ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ, ಸಂಜೆ ಹೊತ್ತು, ಒಂದು ದೀಪದ ಕಂಬದಿಂದ ಮುಂದಿನದಕ್ಕೆ ಜೋರಾಗಿ, ಅದರ ಮುಂದಿನದಕ್ಕೆ ನಿಧಾನವಾಗಿ ಹೋಗುತ್ತಿದ್ದೆವು. ಮೊದಲ ದಿನವೇ ಅವನು ನನ್ನನ್ನು ತಡೆದ. "ಸೈಕಲ್ ಮೇಲೆ ನೀನು ಕಂಬ ಮುಟ್ಟೋದು ಬೇಗ. ತಟ್ಟೆ ಎರಡೂ ಖಾಲಿ ಇದ್ದಾಗ ಮುಳ್ಳು ನಡುವೆ ನಿಲ್ಲಬೇಕು. ಇದು ಶುರುವಲ್ಲೇ ವಾಲಿದೆ." ಕಂಬ ಬಿಟ್ಟು ಗಡಿಯಾರ ಹಿಡಿದೆವು. ಆದರೆ ಜೋರು ಎಂದರೆ ಎಷ್ಟು ಜೋರು? ಅದಕ್ಕೂ ಅವನೇ ಒಂದು ಅಳತೆ ಕಂಡುಹಿಡಿದ. ಒಬ್ಬರನ್ನೊಬ್ಬರು ಬೈಯಬೇಕು. ಬೈಗುಳ ಪೂರ್ತಿ ಹೊರಬಂದರೆ ಜೋರು ಸಾಲದು. ಅರ್ಧಕ್ಕೇ ನಿಂತರೆ ಸರಿ.

ಒಂದೇ ಥರದ ಎರಡು ಮೈಗಳು ಎಷ್ಟು ಬೇರೆ ಬೇರೆ ದೂರು ಹೇಳುತ್ತವೆ ಎಂದು ನನಗೆ ಗೊತ್ತಾದದ್ದು ಆಗ. ನನಗೆ ಉಸಿರು ಕಟ್ಟುವ ಮುಂಚೆಯೇ ತೊಡೆ ಉರಿಯುತ್ತಿತ್ತು. ಅವನಿಗೆ ಕಾಲಿನ್ನೂ ಗಟ್ಟಿಯಿರುವಾಗಲೇ ಉಸಿರು ಮುಗಿಯುತ್ತಿತ್ತು. ಇದನ್ನೇ ಚರ್ಚಿಸುತ್ತ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆವು.

ವಾರಕ್ಕೊಮ್ಮೆ ಮೂಟೆ ತೂಗುವ ಯಂತ್ರದ ಮೇಲೆ ನಮ್ಮ ತೂಕ. ಮೊದಲ ದಿನ ಹೊರಡುವ ಮುಂಚೆ ತೂಗಿದ್ದಕ್ಕೆ ಹೋಲಿಸಿದರೆ ಪ್ರತಿ ಸಲವೂ ಅವನದೇ ಹೆಚ್ಚು ಇಳಿದಿರುತ್ತಿತ್ತು. ಓಟವೇ ಗೆದ್ದಿತು ಎಂದು ಅವನು ತೀರ್ಮಾನಿಸಿದ್ದ.

ಒಂದು ಸಂಜೆ ಅಕ್ಕ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದು ಕೂತಿದ್ದಳು, ಕೈಗೆ ಬ್ಯಾಂಡೇಜು. ಬೆವರು ತೊಟ್ಟಿಕ್ಕಿಸುತ್ತ ತಮ್ಮ ಬಂದು ಯಂತ್ರ ಹತ್ತಿದ್ದನ್ನು ನೋಡಿದಳು.

"ಯಾವಾಗಲೂ ಓಡಿ ಬಂದ ಮೇಲೇನಾ ನೀನು ತೂಗೋದು?"

"ಹೂಂ, ಮೊದಲ ದಿನ ಬಿಟ್ಟು."

"ಇವನು?"

"ನಾನು ಹೊರಡೋ ಮುಂಚೆ ಅಕ್ಕ" ಎಂದೆ. "ಬಂದ ಮೇಲೆ ತೊಡೆ ಉರೀತಿರುತ್ತಲ್ಲ, ಮೆಟ್ಟಿಲ ಮೇಲೇ ಕೂತುಬಿಡ್ತೀನಿ."

ಅಕ್ಕ ನಕ್ಕಳು. "ಲೋ ದಡ್ಡ, ಡಯಾಲಿಸಿಸ್‌ಗೆ ಹೋಗೋವಾಗ ನನಗೊಂದು ತೂಕ, ಬರೋವಾಗ ಇನ್ನೊಂದು. ಹಾಗಂತ ನಾನೇನು ಸಣ್ಣಗಾದ್ನಾ? ನೀರು ಕಣೋ ಅದು. ಆ ಜಗ್ ಎತ್ತಿ ಕುಡಿ, ಆಮೇಲೆ ಹತ್ತು."

ಅವನು ಗೋಡೆ ಕಡೆ ತಿರುಗಿ ಕುಡಿದ. ಮೂತ್ರಪಿಂಡ ನೀರು ಹೊರಹಾಕದ್ದರಿಂದ ಇಡೀ ದಿನಕ್ಕೆ ಸಣ್ಣ ಲೋಟದಷ್ಟನ್ನು ಗುಟುಕು ಗುಟುಕಾಗಿ ಹಂಚಿಕೊಳ್ಳುವ ಅಕ್ಕನೆದುರು ಅವನು ಎಂದೂ ನೀರು ಕುಡಿದವನಲ್ಲ. ಮತ್ತೆ ಹತ್ತಿದ. ನನಗಿಂತ ಹೆಚ್ಚು ಇಳಿಸಿದ್ದೆಲ್ಲ ವಾಪಸು ಬಂದಿತ್ತು. ಇಳಿದು, ತೂಕದ ಕಲ್ಲುಗಳನ್ನಿಟ್ಟು ಯಂತ್ರವನ್ನು ಪರೀಕ್ಷಿಸಿದ.

"ಯಂತ್ರ ಸರಿಯಾಗೇ ಇದೆ ಬಿಡೋ, ಅದರ ಮೇಲೆ ನಿಂತವನದೇ ತಪ್ಪು" ಎಂದಳು ಅಕ್ಕ. ಆಮೇಲೆ ನಗು ನಿಲ್ಲಿಸಿ, "ಅಲ್ಲಿ ಡಾಕ್ಟರ ಮುಂದೆ ನೀರು ನಡೆಯಲ್ಲಪ್ಪ" ಎಂದಳು.

ಅಂದಿನಿಂದ ಬೆಳಿಗ್ಗೆ, ನೀರು ಕುಡಿಯುವ ಮುಂಚೆ ತೂಗತೊಡಗಿದೆವು. ಮುಳ್ಳು ಹೆಚ್ಚು ಕಮ್ಮಿ ನಡುವೆಯೇ ನಿಂತಿತು. ಇಬ್ಬರೂ ನಿಧಾನವಾಗಿ, ನಿಜವಾಗಿ ಇಳಿಯುತ್ತಿದ್ದೆವು. ಅಷ್ಟರಲ್ಲಿ ಅವನ ಮಂಡಿ ಊದಿತು. ಓಟ ನಿಂತಿತು.

"ಓಡದ ದಿನ ಓಟ ಎಷ್ಟು ತೂಗುತ್ತೋ?" ಎಂದು ಕೇಳಿದೆ.

ಅವನು ಮಂಡಿ ನೀವಿಕೊಂಡ. ಊತ ಇಳಿದ ಮೇಲೆ ನನ್ನ ಸೈಕಲ್ ಕೇಳಿದ. "ತಟ್ಟೆ ಅದಲು ಬದಲು ಮಾಡಿ ನೋಡ್ಬೇಕು. ಇಲ್ಲಾಂದ್ರೆ ತೂಗಿದ್ದು ಓಟಾನಾ ನಾನಾ ಅಂತ ಹೇಗೆ ಗೊತ್ತಾಗುತ್ತೆ?" ಅವನು ತುಳಿದ, ನಾನು ಓಡಿದೆ. ಆ ಪರೀಕ್ಷೆ ಅರ್ಧದಲ್ಲಿರುವಾಗಲೇ ಆಸ್ಪತ್ರೆಯ ಯಂತ್ರ ಅವನನ್ನು ಒಪ್ಪಿತು. ಆಪರೇಷನ್ ಆಯಿತು. ಸೈಕಲ್ ಅವನ ಬಳಿಯೇ ಉಳಿಯಿತು. ಇನ್ನೊಮ್ಮೆ ಸರಿಯಾಗಿ ಮಾಡೋಣ ಎಂದು ವರ್ಷವರ್ಷವೂ ಹೇಳುತ್ತಿದ್ದ.

ನಿನ್ನೆ ಅಂಗಡಿ ಖಾಲಿ ಮಾಡಲು ಅಕ್ಕ ನಡೆದುಕೊಂಡೇ ಬಂದಳು. ಯಂತ್ರ ಹತ್ತಿ ನೋಡಿದಳು. ಇಳಿದು, ಜಗ್ ತುಂಬಿಸಿ, ನನ್ನೆದುರೇ ನಿಂತು ಒಂದೇ ಸಮನೆ ಕುಡಿದು, ಮತ್ತೆ ಹತ್ತಿದಳು. ಮುಳ್ಳು ಏರಿತು.

"ನಾಳೆ ಹೊತ್ತಿಗೆ ಇಳಿದಿರುತ್ತೆ" ಎಂದಳು. "ಅವನು ಕೊಟ್ಟದ್ದು ಇನ್ನೂ ಕೆಲಸ ಮಾಡ್ತಿದೆ." ಯಂತ್ರದಿಂದ ಇಳಿದಳು. "ಕೊನೆಗೆ ಯಾವುದು ಹೆಚ್ಚಂತೋ?"

"ಗೊತ್ತಾಗಲೇ ಇಲ್ಲ ಅಕ್ಕ. ಅರ್ಧಕ್ಕೇ ನಿಂತಿತು."

"ಹಾಗಾದ್ರೆ ನೀನು ಓಡು. ನಾನು ಸೈಕಲ್ ತರ್ತೀನಿ. ಬೈಯೋದು ನನಗೆ ಬಿಡು."

ಇವತ್ತು ಬೆಳಿಗ್ಗೆ ನಾನಿನ್ನೂ ನೀರು ಕುಡಿದಿರಲಿಲ್ಲ, ಬಾಗಿಲಾಚೆ ಸೈಕಲ್ಲಿನ ಗಂಟೆ ಕೇಳಿಸಿತು.