ನಿನ್ನ ಚೌಕದ ಹುಣಸೆಬೀಜಗಳು

ನಾಗವೇಣಿ, ಅವತ್ತು ನಿನ್ನ ಚೌಕದಲ್ಲಿದ್ದ ಹುಣಸೆಬೀಜಗಳು ನಿನಗೆ ಬಿದ್ದವಲ್ಲ. ನನ್ನ ಚೌಕದಲ್ಲಿ ಬಿದ್ದಿದ್ದನ್ನು ಎತ್ತಿ ಅಲ್ಲಿ ಸುರಿದವಳು ನಾನು. ಜನ ನಿನ್ನನ್ನು ಬೇಡ ಎಂದಿರಲಿಲ್ಲ — ನನ್ನನ್ನು ಬೇಡ ಎಂದಿದ್ದರು.

ನೀನು ದೇವಸಮುದ್ರದಿಂದ ಬರುವ ಮೊದಲು ಚಳ್ಳಕೆರೆಯಲ್ಲಿ ತರಬೇತಿ ಎಂದರೆ ನಾನೇ. ಸಂಬಳವಿಲ್ಲದೆ ಸಂಘ ನಡೆಸುವವರು — ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಗೃಹಿಣಿಯರು, ಸಂಜೆ ಮಕ್ಕಳಿಗೆ ಪಾಠ ಹೇಳುವ ನಿವೃತ್ತ ಮೇಷ್ಟ್ರುಗಳು — ಬಂದು ಕೂರುತ್ತಿದ್ದರು, ನಾನು ಬೋರ್ಡಿನ ಮುಂದೆ ನಿಂತು ಕೊರೆಯುತ್ತಿದ್ದೆ. ಅವರು ಆಕಳಿಸಿದರೆ ಬಿಸಿಲನ್ನು ಬೈಯುತ್ತಿದ್ದೆ.

ನೀನು ಬಂದವಳೇ, "ಪಾಠ ನಾವೇ ಕಟ್ಟೋದು ಬ್ಯಾಡ ಅಕ್ಕ, ಅವರನ್ನೂ ಕೂರಿಸ್ಕೊಂಡು ಕಟ್ಟೋಣ" ಅಂದೆ. ಒಬ್ಬರನ್ನು ಕಣ್ಣು ಕಾಣದ ಅಜ್ಜಿ ಮಾಡಿದೆ, ಒಬ್ಬರನ್ನು ಬಸ್ ಕಂಡಕ್ಟರ್ ಮಾಡಿದೆ, ಇನ್ನೊಬ್ಬರು ಆಸ್ಪತ್ರೆಯಲ್ಲಿ ಚೀಟಿ ಕೊಡುವವರು. ಅಜ್ಜಿ ಎಲ್ಲೆಲ್ಲಿ ತಡವರಿಸುತ್ತಾಳೋ ಅಲ್ಲೆಲ್ಲ ಸಂಘ ಏನು ಮಾಡಬೇಕೆಂದು ಅವರೇ ಕಂಡುಕೊಂಡರು. ಪರಶುರಾಂಪುರದ ಹೆಂಗಸರು ಫೋನ್ ಮಾಡಿ "ವೇಣಕ್ಕ ಬರ್ತಾರಲ್ರೀ?" ಎಂದು ನನ್ನನ್ನೇ ಕೇಳತೊಡಗಿದರು. ಹೊಟ್ಟೆ ಉರಿಯಿತು. ಬರ್ತಾಳೆ ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ.

ದಿನದ ಕೊನೆಗೆ ಬೀಜ ಹಾಕುವ ಪದ್ಧತಿಯೂ ನಿನ್ನದೇ. ನೆಲದ ಮೇಲೆ ಸೀಮೆಸುಣ್ಣದ ಎರಡು ಚೌಕ — ಒಂದು ನನ್ನ ಭಾಷಣಕ್ಕೆ, ಒಂದು ನಿನ್ನ ಆಟಕ್ಕೆ. ಎಲ್ಲರೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಬ್ಬೊಬ್ಬರಾಗಿ ಬಂದು, ಯಾವುದು ಉಪಯೋಗಕ್ಕೆ ಬರಲಿಲ್ಲವೋ ಅದರಲ್ಲಿ ಬೀಜ ಹಾಕಬೇಕು. ಯಾರು ಹಾಕಿದರೆಂದು ಯಾರೂ ಕೇಳಬಾರದು. ಮುಖ ನೋಡಿ ಬೇಡ ಎನ್ನಲು ಜನಕ್ಕೆ ದಾಕ್ಷಿಣ್ಯ, ಅದಕ್ಕೇ ಈ ನಿಯಮ ಎಂದು ನೀನೇ ಹೇಳಿದ್ದೆ.

ಅವತ್ತು ಕೊನೆಯ ಸರದಿ ನನ್ನದು. ನನ್ನ ಚೌಕ ತುಂಬಿತ್ತು. ನಿನ್ನದು ಖಾಲಿ. ನೀನೂ ಗೋಡೆ ನೋಡುತ್ತ ನಿಂತಿದ್ದೆ — ಒಮ್ಮೆಯಾದರೂ ತಿರುಗಬಾರದಿತ್ತೇ... ನನ್ನ ಚೌಕದ್ದನ್ನು ಬಾಚಿ ಎತ್ತಿದೆ, ಸದ್ದಾಗದಂತೆ ನಿನ್ನದರಲ್ಲಿ ಸುರಿದೆ. ನಾಲ್ಕೈದು ಬೀಜ ನನ್ನಲ್ಲೇ ಬಿಟ್ಟೆ. ಅಷ್ಟು ಬುದ್ಧಿ ಓಡಿತು! ತಿರುಗಿ ನೋಡಿದ ಪ್ರತಿಯೊಬ್ಬರೂ ಅದರಲ್ಲೊಂದು ತಮ್ಮದು, ಉಳಿದವರೆಲ್ಲ ನಿನ್ನಲ್ಲಿ ಹಾಕಿದ್ದಾರೆ ಎಂದುಕೊಂಡರು. ಕೇಳುವಂತಿರಲಿಲ್ಲವಲ್ಲ.

ನೀನೂ ಕೇಳಲಿಲ್ಲ. "ನನ್ನದು ಹಿಡಿಸ್ಲಿಲ್ಲ ಅಂತ ಕಾಣ್ತೈತೆ. ಇನ್ನು ನೀವೇ ನೋಡ್ಕಳ್ರಿ ಅಕ್ಕ" ಅಂದೆ. ನಾನು ನಿನ್ನ ಬೆನ್ನು ಸವರಿದೆ — ಸಮಾಧಾನ ಹೇಳಿದೆ! ನಿನ್ನನ್ನು ಬಸ್ ಹತ್ತಿಸಿ ಬಂದು ಹೊಟ್ಟೆ ತುಂಬ ಊಟ ಮಾಡಿದೆ.

ಆಮೇಲೆ ನೀನು ಬರಲಿಲ್ಲ. ನಿನ್ನ ಆಟವನ್ನು ನಾನೇ ಆಡಿಸತೊಡಗಿದೆ. ಮೊಳಕಾಲ್ಮೂರಿನವರು ಅದನ್ನು ನನ್ನದೆಂದೇ ಹೊಗಳುತ್ತಾರೆ. ಬೀಜ ಹಾಕುವುದನ್ನು ಮಾತ್ರ ನಿಲ್ಲಿಸಿಬಿಟ್ಟೆ. ನೀನೀಗ ಯಾವ ಸಂಘದ ಕಡೆಗೂ ಹೋಗುವುದಿಲ್ಲವಂತೆ. ಕರೆದವರಿಗೆ, "ನನಗೆ ಜನರ ಮುಂದೆ ನಿಲ್ಲೋಕೆ ಬರಲ್ಲ" ಅಂತೀಯಂತೆ. ಆ ಮಾತನ್ನು ನಿನ್ನ ಬಾಯಿಗೆ ಹಾಕಿದವಳು ನಾನು. ಈಗಲೂ ಯಾರಾದರೂ ನಿನ್ನ ಹೆಸರೆತ್ತಿದರೆ — ಮೊದಲು ಸುಡುವುದು ಅಸೂಯೆಯೇ, ನಾಚಿಕೆ ಆಮೇಲೆ.

ಮುಂದಿನ ಭಾನುವಾರ ದೇವಸಮುದ್ರದ ಶಾಲೆಯಲ್ಲಿ ತರಬೇತಿ. ಹಳಬರನ್ನೆಲ್ಲ ಕರೆದಿದ್ದೇನೆ, ನೀನು ಬರುತ್ತೀಯೋ ಇಲ್ಲವೋ. ಹುಣಸೆಬೀಜ ತರುತ್ತೇನೆ, ಎರಡು ಚೌಕ ಬರೆಯುತ್ತೇನೆ. ಈ ಸಲ ಯಾರೂ ಗೋಡೆಗೆ ತಿರುಗುವುದು ಬೇಡ. ಎಲ್ಲರೂ ನೋಡುವಾಗ ಅಷ್ಟೂ ಬೀಜವನ್ನು ನನ್ನ ಚೌಕದಲ್ಲಿ ಸುರಿದು, ಅವತ್ತು ಎತ್ತಿದವಳು ಯಾರೆಂದು ನಾನೇ ಹೇಳುತ್ತೇನೆ.