ಪ್ಲಗ್ ಕಿತ್ತು ನೋಡುವ ವೆಂಕಟಲಕ್ಷ್ಮಿ

ಬೆಳಗಿನ ಐದೂ ಮುಕ್ಕಾಲು. ಪೀಣ್ಯದ ತಗಡಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಗಡು ಒತ್ತುವ ಒಂದೇ ಪ್ರೆಸ್ ಖಾಲಿ ಓಡುತ್ತಿದೆ. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ವೆಂಕಟಲಕ್ಷ್ಮಿ ಕೈ ಎತ್ತುತ್ತಾರೆ.

"ಕೊಟ್ರಪ್ಪ, ಕೀಳಿ!"

ಪ್ರೆಸ್ ನಡೆಸುವ ಕೊಟ್ರಪ್ಪ ಪ್ಲಗ್ ಕೀಳುತ್ತಾರೆ. ಯಂತ್ರಕ್ಕೆ ಅಂಟಿಸಿದ ಪುಟ್ಟ ಪೆಟ್ಟಿಗೆಯ ಹಸಿರು ದೀಪ ಆರುತ್ತದೆ.

"ಮೂವತ್ತೊಂದನೇ ಸಲ ರೀ ಮೇಡಂ. ಮನ್ಯಾಗ ಮಿಕ್ಸಿ ಪ್ಲಗ್ ಕಿತ್ರ ಹೆಂಡ್ತಿ ಬೈತಾಳ. ಇಲ್ಲಿ ಕೀಳಾಕಂತನ ಕರೀತೀರಿ!"

ಆ ಪೆಟ್ಟಿಗೆ ಯಂತ್ರದ ನಡುಕವನ್ನು ಸೆಕೆಂಡಿಗೆ ಸಾವಿರಾರು ಸಲ ದಾಖಲಿಸುತ್ತದೆ. ಬೇರಿಂಗ್ ಸವೆಯುವುದು ಮೊದಲು ತಿಳಿಯುವುದೇ ನಡುಕದಲ್ಲಿ. ಆದರೆ ಪೆಟ್ಟಿಗೆಯಲ್ಲಿ ಜಾಗ ಕಡಿಮೆ. ದಾಖಲೆಯನ್ನು ಕುಗ್ಗಿಸಿಯೇ ಇಡಬೇಕು. ಕುಗ್ಗಿಸುವ ಲೈಬ್ರರಿಗಳು, ಅಂದರೆ ಸಿದ್ಧ ಪ್ರೋಗ್ರಾಂ ತುಣುಕುಗಳು, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಸಿಗುತ್ತವೆ. ಅವುಗಳಲ್ಲಿ ಯಾವುದು ಎಂದು ಆರಿಸುವುದು ಲಗ್ಗೆರೆಯ ಈ ನಲವತ್ತಾರರ ಪ್ರೋಗ್ರಾಮರ್ ಕೆಲಸ. ಅವರ ತಂದೆ ಸರ್ಕಾರಿ ಕಾರ್ಖಾನೆಯ ಫಿಟ್ಟರ್. ಯಂತ್ರಕ್ಕೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗಿಟ್ಟು ರೋಗ ಹೇಳುತ್ತಿದ್ದರು.

ಹೋದ ವರ್ಷ ವೆಂಕಟಲಕ್ಷ್ಮಿ ಎಲ್ಲಕ್ಕಿಂತ ಚಿಕ್ಕದಾಗಿ ಕುಗ್ಗಿಸುವುದನ್ನು ಆರಿಸಿದರು. ನೂರು ಪಾಲು ಹದಿನೆಂಟಕ್ಕೆ ಇಳಿಯುತ್ತಿತ್ತು. "ಎಲ್ರೂ ಸಕ್ಕತ್ ಅಂದ್ರು. ನಾನೂ ಬೀಗಿದ್ದೇ ಬೀಗಿದ್ದು." ಅಷ್ಟು ಕುಗ್ಗಲೆಂದು ಇಡೀ ಪಾಳಿಯ ದಾಖಲೆಯನ್ನು ಅವರು ಒಂದೇ ಗಂಟಾಗಿ ಕಟ್ಟಿಸಿದ್ದರು. ಗಂಟು ಕಟ್ಟಿ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಆರು ಗಂಟೆಗಳ ನಡುಕದ ದಾಖಲೆ ಮಾಯವಾಯಿತು. ಮರುದಿನ ಇದೇ ಪ್ರೆಸ್ಸಿನ ಬೇರಿಂಗ್ ಒಡೆದು ಚೂರು ಹಾರಿತು. ಕೊಟ್ರಪ್ಪ ಟೀ ಕುಡಿಯಲು ಹೋಗಿದ್ದರು.

"ಅವರನ್ನ ಉಳಿಸಿದ್ದು ಟೀ ಕಣ್ರೀ. ನನ್ನ ಪ್ರೋಗ್ರಾಂ ಅಲ್ಲ."

ಅಂದಿನಿಂದ ಪ್ಲಗ್ ಕೀಳದೆ ಅವರು ಯಾವ ಲೈಬ್ರರಿಯನ್ನೂ ನಂಬುವುದಿಲ್ಲ. ಈಗಿನದು ಮೂವತ್ತಕ್ಕಷ್ಟೇ ಇಳಿಸುತ್ತದೆ, ಆದರೆ ಚುರುಕು. ಎರಡೆರಡು ಸೆಕೆಂಡಿಗೆ ಪುಟ್ಟ ಗಂಟು ಕಟ್ಟಿ ಇಟ್ಟುಬಿಡಬಹುದು. ಏಳು ಗಂಟೆಯೊಳಗೆ ಅವರು ಯಾವ ಲೈಬ್ರರಿ ಹೇಳುತ್ತಾರೋ ಅದೇ ಅರವತ್ತು ಯಂತ್ರಗಳ ಪೆಟ್ಟಿಗೆಗಳಿಗೆ ಹೋಗುತ್ತದೆ. ಅವರ ಮ್ಯಾನೇಜರ್ ಶ್ರೀಕಾಂತ್ ಫೋನಿನಲ್ಲಿ ಗೊಣಗುತ್ತಾರೆ: "ಹದಿನೆಂಟು ಅಂದ್ರೆ ಕಸ್ಟಮರ್‌ಗೆ ತೋರ್ಸಕ್ಕೆ ಚೆನ್ನಾಗಿರತ್ತೆ, ಮೇಡಂ."

"ತೋರ್ಸಕ್ಕೆ ಅದು ಚೆಂದ ಸಾರ್. ಯಂತ್ರದ ಪಕ್ಕ ನಿಲ್ಲೋರಿಗೆ ಇದೇ ಬೇಕು."

ಕೊಟ್ರಪ್ಪ ಪ್ಲಗ್ ಮತ್ತೆ ಸಿಕ್ಕಿಸುತ್ತಾರೆ. ಫೈಲ್ ತೆರೆಯುತ್ತದೆ. ಕಾಣೆಯಾದದ್ದು ಎರಡೇ ಸೆಕೆಂಡು. ವೆಂಕಟಲಕ್ಷ್ಮಿ 'ಮೂವತ್ತರದ್ದೇ ಹಾಕಿ' ಎಂದು ಬರೆದು ಕಳಿಸುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ನಗುತ್ತಾರೆ. "ಬೇರಿಂಗ್ ಸವೀತಿದೆ ಅಂತ ಈ ಪೆಟ್ಟಿಗೆ ಮೊದ್ಲೇ ಹೇಳ್ಬೇಕು. ಕೊಟ್ರಪ್ಪ ಆರಾಮಾಗಿ ಪ್ರೆಸ್ ನಿಲ್ಸಿ, ಆಮೇಲೆ ಟೀಗೆ ಹೋಗ್ಬೇಕು. ಅಷ್ಟೇ."